ಮಾವನ ಕಾರಿನ ಮೂರನೆಯ ಪ್ಲಗ್

ಮಾವನ ಕಾರಿನ ಮೂರನೆಯ ಪ್ಲಗ್ಗನ್ನು ಮುರಿದದ್ದು ನಾನು. ಶನಿವಾರ ಮಧ್ಯಾಹ್ನ ಮುರಿದೆ. ಮುಂದಿನ ಶುಕ್ರವಾರದವರೆಗೆ, ಅಂದರೆ ಆರು ದಿನ, ಮನೆಯಲ್ಲಿ ಎಲ್ಲರೂ ಅದನ್ನು ಮಾವನೇ ಮುರಿದರು ಎಂದು ನಂಬಿದ್ದಾರೆಂದೇ ನಾನು ತಿಳಿದಿದ್ದೆ. ಮಾವನೇ ಹಾಗೆ ಹೇಳಿದ್ದರು. ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮುರಿದಾಗಿನ ಸದ್ದು ನೆನಪಾದರೆ ಈಗಲೂ ನನ್ನ ಬಲಗೈ ಮಣಿಕಟ್ಟು ಬಿಗಿಯಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕಂಡದ್ದನ್ನು ಕಂಡೆ ಎನ್ನುತ್ತೇನೆ, ಊಹಿಸಿದ್ದನ್ನು ಊಹೆ ಎನ್ನುತ್ತೇನೆ.

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ನಾವು ನಾಲ್ವರು: ಮಾವ, ಅತ್ತೆ, ನನ್ನ ಗಂಡ, ನಾನು. ಮಾವ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ವರ್ಷಗಟ್ಟಲೆ ಹುಡುಗರು ಕೆಡಿಸಿಟ್ಟ ಉಪಕರಣಗಳನ್ನು ಸರಿ ಮಾಡಿದ ಕೈ ಅದು. ನಾನು ಹಲ್ಲಿನ ಡಾಕ್ಟರು. ಜಯಲಕ್ಷ್ಮಿಪುರಂನಲ್ಲಿ ಒಂದೇ ಕುರ್ಚಿಯ ಕ್ಲಿನಿಕ್ಕು ಇಟ್ಟುಕೊಂಡಿದ್ದೇನೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಮಾವನಿಗೂ ಮಾತು ಕಡಿಮೆಯಿತ್ತು. ಒಂದು ದಿನ ನನ್ನ ಕ್ಲಿನಿಕ್ಕಿನ ಕುರ್ಚಿ ಮೇಲೆ ಹೋಗಿ ಕೆಳಗಿಳಿಯದೆ ನಿಂತಾಗ ಅವರು ಸ್ಕೂಟರಿನಲ್ಲಿ ಬಂದು, ನೆಲದ ಮೇಲೆ ಮಲಗಿ, ಒಂದು ಸ್ಕ್ರೂ ಬಿಗಿದು ಹೋದರು. ಆಮೇಲೆ ನಮ್ಮಿಬ್ಬರ ಮಾತೆಲ್ಲ ಸ್ಕ್ರೂಗಳ ಸುತ್ತಲೇ ಬೆಳೆಯಿತು.

ಕಾರಿಗೆ ಇಪ್ಪತ್ತೈದು ವರ್ಷ. ಒಂದು ಕಾಲಕ್ಕೆ ಬಿಳಿಯದಾಗಿದ್ದಿರಬೇಕು, ಈಗ ಕೆನೆಯ ಬಣ್ಣ. ಅದರ ಮುಂದಿನ ಎಡಗಡೆಯ ಸೀಟು ಬೇರೆ ಯಾವ ಕಾರಿನಲ್ಲೂ ಇಲ್ಲದಂಥದ್ದು. ಅತ್ತೆಗೆ ಎರಡೂ ಮಂಡಿ ಮಡಚುವುದಿಲ್ಲ. ಆಟೋದ ಮೆಟ್ಟಿಲು ಹತ್ತಲಾರರು, ಬಾಡಿಗೆ ಕಾರುಗಳಲ್ಲಿ ಕಾಲು ಒಳಗೆ ಹಿಡಿಯುವುದಿಲ್ಲ. ಮಾವ ಆ ಸೀಟಿನ ಹಳಿಗೆ ಹೊಸ ತೂತು ಕೊರೆದು ಅದನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದಾರೆ, ಕೆಳಗೆ ತೇಗದ ಹಲಗೆ ಕೊಟ್ಟು ನಾಲ್ಕು ಬೆರಳು ಎತ್ತರಿಸಿದ್ದಾರೆ. ಅತ್ತೆ ಮೊದಲು ಬೆನ್ನು ಕೊಟ್ಟು ಕೂರುತ್ತಾರೆ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರುತ್ತಾರೆ. ಅವರು ಮನೆಯಿಂದ ಹೊರಗೆ ಹೋಗುವುದಿದ್ದರೆ ಅದು ಈ ಸೀಟಿನಲ್ಲಿ ಮಾತ್ರ.

ಹೋಗುವುದು ಶುಕ್ರವಾರ, ಬನ್ನಿಮಂಟಪಕ್ಕೆ. ಅಲ್ಲಿ ಅತ್ತೆಯ ಅಕ್ಕ ಇದ್ದಾರೆ. ನನ್ನ ಗಂಡನಿಗೆ ದೊಡ್ಡಮ್ಮ, ನನಗೂ ದೊಡ್ಡಮ್ಮ. ಸೊಂಟದ ಆಪರೇಷನ್ ಆದಮೇಲೆ ಅವರೂ ಮನೆ ಬಿಟ್ಟು ಹೊರಡುವುದಿಲ್ಲ. ಅಕ್ಕತಂಗಿಯರು ಬೆಳಗಿನಿಂದ ಸಂಜೆಯವರೆಗೆ ಹಾಲಿನಲ್ಲಿ ಎದುರುಬದುರು ಕೂತು ಏನಾದರೂ ಕೆಲಸ ಮಾಡುತ್ತಾರೆ. ಅವರೆಕಾಯಿಯ ಕಾಲದಲ್ಲಿ ಕಾಳು ನೆನೆಹಾಕಿ ಹಿತುಕುತ್ತಾರೆ. ಕೈ ಹಿತುಕುತ್ತದೆ, ಬಾಯಿ ಲೋಕವನ್ನೆಲ್ಲ ವಿಚಾರಿಸುತ್ತದೆ.

ಆ ವರ್ಷ ಸಂಕ್ರಾಂತಿ ಕಳೆದ ಮೊದಲ ಶುಕ್ರವಾರವೇ ಕಾರು ಕೈಕೊಟ್ಟಿತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಚಳಿಜ್ವರ ಬಂದವರ ಹಾಗೆ ಮೈಯೆಲ್ಲ ನಡುಗುತ್ತಿತ್ತು. ಗೇರಿಗೆ ಹಾಕಿದರೆ ನಿಂತುಹೋಗುತ್ತಿತ್ತು. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ಮಾಡುತ್ತಿಲ್ಲ ಎಂದರು ಮಾವ. ಮೆಕ್ಯಾನಿಕ್ ಮನೆಗೇ ಬಂದು ನೋಡಿದ. ಸಿಲಿಂಡರಿಗೊಂದರಂತೆ ಕಿಡಿ ಕೊಡುವ ಪ್ಲಗ್ಗುಗಳಲ್ಲಿ ಒಂದು, ಎರಡು, ನಾಲ್ಕನೆಯವು ಸಲೀಸಾಗಿ ಬಂದವು. ಮೂರನೆಯದಕ್ಕೆ ಅವನು ಪ್ಲಗ್ ಪಾನ, ಅಂದರೆ ಕೊಳವೆಯಂಥ ಸ್ಪ್ಯಾನರು, ಹಾಕಿ ಎರಡು ಸಲ ಎಳೆದ. ಎರಡು ಸಲವೂ ಪಾನ ಜಾರಿತು.

"ಕಚ್ಕೊಂಡ್ಬುಟ್ಟಿದೆ ಸಾ. ಬಲವಂತ ಮಾಡುದ್ರೆ ತ್ರೆಡ್ ಕಿತ್ಕೊಂಡು ಎಂಜಿನ್ ಹೆಡ್ಡೇ ಓಯ್ತದೆ. ಈ ಗಾಡಿಗೆ ಹೆಡ್ ಹುಡುಕ್ಕೊಂಡು ಎಲ್ಲಿ ಹೋಗೀರ? ಗುಜರಿಗೆ ಹಾಕ್ಬುಡಿ" ಎಂದು ಹೇಳಿ ಅವನು ಕೈ ಒರೆಸಿಕೊಂಡ.

ಹೀಗೆ ಮೂರು ಶುಕ್ರವಾರ ಹೋದವು. ಮೂರನೆಯ ಶುಕ್ರವಾರ ನಾನು ಊಟಕ್ಕೆ ಬಂದಾಗ ಅತ್ತೆ ಹಾಲಿನಲ್ಲಿ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಒಬ್ಬರೇ ಹಿತುಕುತ್ತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಫೋನು, ಸ್ಪೀಕರ್ ಹಾಕಿತ್ತು. ಅದರೊಳಗಿಂದ ದೊಡ್ಡಮ್ಮ, "ನಿಂದು ಎಷ್ಟಾಯ್ತೇ?" ಎಂದರು. "ಅರ್ಧ ಬೋಗುಣಿ ಕಣಕ್ಕ. ನಿಂದು?" "ನಂದೂ ಅಷ್ಟೇ ಕಣೆ." ಆಮೇಲೆ ಫೋನಿನಿಂದ ಕಾಳು ಪಾತ್ರೆಗೆ ಬೀಳುವ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಮಾವ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ನಾನು ಅವರ ಮುಖ ನೋಡಿದೆ.

ಅದೇ ದಿನ ನನ್ನ ಗಂಡ ಗುಜರಿಯವನಿಗೆ ಮಾತು ಕೊಟ್ಟು ಬಂದಿದ್ದರು. ಸೋಮವಾರ ಬೆಳಗ್ಗೆ ಅವನು ಬಂದು ಕಾರನ್ನು ಎಳೆದುಕೊಂಡು ಹೋಗುವುದು ಎಂದಾಗಿತ್ತು. ಅವರದೂ ತಪ್ಪೆನ್ನಲಾರೆ. ಹಿಂದಿನ ವಾರ ಮಾವ ಕಾರಿನ ಕೆಳಗೆ ತೂರಿ, ಏಳಲಾಗದೆ, ಅರ್ಧ ಗಂಟೆ ಅಲ್ಲೇ ಇದ್ದರು. ಎಳೆದು ಹೊರಗೆ ತಂದವರು ನನ್ನ ಗಂಡನೇ.

"ಅಪ್ಪ, ಬೇರೆ ಕಾರು ತಗೊಳೋಣ. ಅದಕ್ಕೂ ಸೀಟು ಹಿಂದಕ್ಕೆ ಹಾಕಿದ್ರಾಯ್ತು."

"ಈಗಿನ ಕಾರಿನ ಸೀಟಿನ ಕೆಳಗೆ ಏನಿದೆ ಅಂತ ನೋಡಿದ್ಯೇನೋ? ಬರೀ ವೈರು. ತೂತು ಕೊರೆದ್ರೆ ಗಾಡಿ ಕಿರುಚ್ಕೊಳತ್ತೆ."

"ಅಪ್ಪ."

"ಭಾನುವಾರ ಸಂಜೆವರೆಗೂ ಬುಡೋ. ಪ್ಲಗ್ ಬರ್ಲಿಲ್ಲ ಅಂದ್ರೆ ನಾನೇ ಕೀ ಕೊಡ್ತೀನಿ ಅವನ ಕೈಗೆ."

ಹೀಗೆ ಶನಿವಾರ ಬಂತು. ನಾನು ಮಧ್ಯಾಹ್ನಕ್ಕೇ ಕ್ಲಿನಿಕ್ ಮುಚ್ಚಿ ಬಂದೆ.

ಮಾವನ ಕೆಲಸದ ರೀತಿ ಹೇಳಬೇಕು. ಬಿಚ್ಚಿದ ಬೋಲ್ಟುಗಳನ್ನು ಅವರು ಅತ್ತೆ ಕೈಬಿಟ್ಟ ಹಳೆಯ ಇಡ್ಲಿ ತಟ್ಟೆಗಳಲ್ಲಿಡುತ್ತಾರೆ. ಮೊದಲು ಬಿಚ್ಚಿದ್ದು ಮೊದಲ ಗುಳಿಯಲ್ಲಿ, ಎರಡನೆಯದು ಎರಡನೆಯದರಲ್ಲಿ. ಒಂದು ತಟ್ಟೆ ತುಂಬಿದ ಮೇಲೆ ಇನ್ನೊಂದು ತಟ್ಟೆ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು. ಅವಸರ ಎಂಬುದು ಇಲ್ಲ. ಪ್ರತಿ ಸಲ ಪಾನ ಹಾಕುವ ಮುಂಚೆ ಅದನ್ನು ಹಳೆಯ ಬನಿಯನ್ನಿಗೆ ಒರೆಸುತ್ತಾರೆ.

ಪ್ಲಗ್ಗುಗಳು ಎಂಜಿನ್ನಿನ ನೆತ್ತಿಯಲ್ಲಿ ಸಾಲಾಗಿರುವ ನಾಲ್ಕು ಗುಂಡು ಗುಳಿಗಳ ತಳದಲ್ಲಿ ಕೂತಿರುತ್ತವೆ. ಗುಳಿ ನನ್ನ ತೋರುಬೆರಳಿಗಿಂತ ಆಳ. ಮೇಲೆ ರಬ್ಬರಿನ ಟೋಪಿ ಮುಚ್ಚಿರುತ್ತದೆ, ಅದರೊಳಗಿಂದ ವೈರು ಇಳಿಯುತ್ತದೆ. ಮೂರನೆಯದರ ಟೋಪಿ ಸೀಳಿತ್ತು. ಎಷ್ಟೋ ವರ್ಷದ ಹಿಂದೆ ಮಾವ ಅದಕ್ಕೆ ಕರಿಟೇಪು ಸುತ್ತಿದ್ದರು. ಟೇಪೂ ಒಣಗಿ ಬಿಚ್ಚಿಕೊಂಡಿತ್ತು. ಟಾರ್ಚು ಬಿಟ್ಟು ನೋಡಿದರೆ ತಳದಲ್ಲಿ ಕೆಂಪಗೆ ಕಾಣುತ್ತಿತ್ತು.

"ತುಕ್ಕು" ಎಂದರು ಮಾವ. ನಾನೂ ತುಕ್ಕೆಂದೇ ನೋಡಿದೆ. ನಮ್ಮಿಬ್ಬರಿಗೂ ಸಂಶಯವೇ ಬರಲಿಲ್ಲ.

ಬೆಳಗ್ಗೆಯೇ ಅವರು ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಪಾನ ಇಳಿಸಿ, ಮೊದಲು ಅವರು ಎಳೆದರು. ಅಲುಗಲಿಲ್ಲ. ಅವರ ಕೈ ನರ ಉಬ್ಬಿತ್ತು, ಉಸಿರು ಜೋರಾಗಿತ್ತು. ನನಗೆ ಹಿಂದಿನ ವಾರದ್ದು ನೆನಪಾಯಿತು.

"ಬಿಡಿ ಮಾವ, ನಾನು ಎಳೀತೀನಿ."

"ಎಳೀ ಎಳೀ. ದಿನಾ ಕೀಳೋಳು ನೀನೇ ತಾನೆ" ಎಂದು ನಕ್ಕು ಪಕ್ಕಕ್ಕೆ ಸರಿದರು.

ನಾನು ಎಳೆದೆ. ಅಲುಗಲಿಲ್ಲ. ಕಾಂಪೌಂಡಿಗೆ ಒರಗಿಸಿಟ್ಟಿದ್ದ ಕಬ್ಬಿಣದ ಪೈಪಿನ ತುಂಡೊಂದನ್ನು ತಂದು ಪಾನದ ಹಿಡಿಗೆ ಸಿಕ್ಕಿಸಿದೆ. ಹಿಡಿ ಉದ್ದವಾದಷ್ಟೂ ಬಲ ಹೆಚ್ಚು, ಅದು ನನಗೆ ಗೊತ್ತಿತ್ತು. ಮಾವ, "ಪೈಪು ಬೇಡ ಕಣಮ್ಮ" ಎಂದರು. ಇದನ್ನು ಸ್ಪಷ್ಟವಾಗಿ ಬರೆಯಬೇಕು: ಅವರು ಬೇಡ ಎಂದರು, ನನಗೆ ಕೇಳಿಸಿತು, ಆದರೂ ಎಳೆದೆ.

ಟಕ್ ಎಂದಿತು.

ಹಲ್ಲು ಮುರಿದ ಸದ್ದು ಕೇಳಿದವರಿಗೆ ಅದು ಕಿವಿಯಲ್ಲಿ ಅಲ್ಲ, ಬೆರಳಿನಲ್ಲಿ ಕೇಳಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹೆಂಗಸಿನ ದವಡೆಹಲ್ಲನ್ನು ಹೀಗೇ ಅವಸರದಲ್ಲಿ ಮುರಿದಿದ್ದೆ. ಬೇರು ಒಳಗುಳಿದಿತ್ತು. ಆಕೆ ಇಷ್ಟಗಲ ಕಣ್ಣು ಬಿಟ್ಟು ನನ್ನನ್ನೇ ನೋಡಿದ್ದರು. ಈಗ ಅದೇ ಸದ್ದು, ಅದೇ ಬೆರಳು. ಪಾನವನ್ನು ಮೇಲೆತ್ತಿದೆ. ಅದರ ಬಾಯಲ್ಲಿ ಬಿಳಿಯ ಪಿಂಗಾಣಿಯ ತುಂಡು ಕಚ್ಚಿಕೊಂಡಿತ್ತು. ಪ್ಲಗ್ಗಿನ ಮೇಲರ್ಧ. ಕೆಳಗಿನ ಲೋಹದ ಭಾಗ ಒಳಗೇ ಇತ್ತು.

ಮಾವ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಪಿಂಗಾಣಿ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ತಿರುಗಿಸಿ ನೋಡಿ, ಬನಿಯನ್ನಿಗೆ ಒರೆಸಿ, ಇಡ್ಲಿ ತಟ್ಟೆಯ ಖಾಲಿ ಗುಳಿಯೊಂದರಲ್ಲಿಟ್ಟರು. ನಾನು ಕಾರಿನ ಅಂಚು ಹಿಡಿದುಕೊಂಡು ನಿಂತೆ.

ಅಡಿಗೆಮನೆಯ ಕಿಟಕಿಯಿಂದ ಅತ್ತೆಯ ದನಿ ಬಂತು. "ಏನ್ರೀ ಅದು ಸದ್ದು?"

"ಏನಿಲ್ಲ ಕಣೆ. ನನ್ ಕೈ ಜಾರ್ತು. ಪಿಂಗಾಣಿ ಮುರಿದ್ಬುಟ್ಟೆ."

ನಾನು ಬಾಯಿ ತೆರೆದೆ. ಮಾವ ನನ್ನ ಕಡೆ ನೋಡದೆಯೇ ಕೈಯನ್ನು ಒಂದಿಷ್ಟು ಎತ್ತಿದರು, ಲ್ಯಾಬಿನಲ್ಲಿ ಹುಡುಗರನ್ನು ಸುಮ್ಮನಿರಿಸುವ ಹಾಗೆ. ನಾನು ಬಾಯಿ ಮುಚ್ಚಿದೆ.

ಸಂಜೆ ನನ್ನ ಗಂಡ ಬಂದು ತಟ್ಟೆಯಲ್ಲಿದ್ದ ತುಂಡು ನೋಡಿದರು. "ಆಯ್ತಲ್ಲಪ್ಪ. ಈಗ್ಲಾದ್ರೂ ಬಿಡಿ" ಎಂದರು. ಮೆತ್ತಗೇ ಹೇಳಿದರು. ಅದಕ್ಕೇ ನನಗೆ ಇನ್ನಷ್ಟು ಕಷ್ಟವಾಯಿತು. ಮಾವ, "ಭಾನುವಾರ ಸಂಜೆ ಅಂದಿದ್ದೆ. ಇನ್ನೂ ಶನಿವಾರ" ಎಂದಷ್ಟೇ ಹೇಳಿದರು. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವರು ಬಿಡಿಸುತ್ತಲೇ ಇದ್ದರು, ಕಡ್ಡಿಯನ್ನು ಸೊಪ್ಪಿನ ಕಡೆಗೂ ಸೊಪ್ಪನ್ನು ಕಡ್ಡಿಯ ಕಡೆಗೂ ಹಾಕುತ್ತಿದ್ದರು.

ಭಾನುವಾರ ಬೆಳಗ್ಗೆ ತಿಂಡಿಗೂ ಮುಂಚೆ ಕ್ಲಿನಿಕ್ಕಿಗೆ ಹೋದೆ. ಸವೆದು ಪೆಟ್ಟಿಗೆ ಸೇರಿದ್ದ ನನ್ನ ಹಳೆಯ ಸಾಮಾನು ತಂದೆ: ಉದ್ದ ಹಿಡಿಯ ಬಾಯಿಗನ್ನಡಿ, ಎರಡು ಕೊಕ್ಕೆ, ಪಾಚಿ ಕೆರೆಯುವ ಉಳಿಗಳು, ಒಂದು ಸಿರಿಂಜು, ತಲೆಗೆ ಕಟ್ಟಿಕೊಳ್ಳುವ ದೀಪ. ಆ ಹೆಂಗಸಿನ ಮುರಿದ ಬೇರನ್ನು ಅಂದು ನನ್ನ ಮೇಷ್ಟ್ರು ಹೊರತೆಗೆದಿದ್ದರು. ತೆಗೆಯುವ ಮುಂಚೆ ಬಹಳ ಹೊತ್ತು ಬರಿದೆ ನೋಡಿದ್ದರು. ನಾನು ಶನಿವಾರ ಅದನ್ನು ಮಾಡಿರಲಿಲ್ಲ.

ಕನ್ನಡಿಯನ್ನು ಗುಳಿಗೆ ಇಳಿಸಿ ದೀಪ ಹೊತ್ತಿಸಿದೆ. ಮೊದಲು ಸಮಾಧಾನವಾಗುವಂಥದ್ದು ಕಂಡಿತು: ಮುರಿದಿರುವುದು ಪಿಂಗಾಣಿ ಮಾತ್ರ, ಪಾನ ಹಿಡಿಯುವ ಆರು ಮೂಲೆಯ ಲೋಹ ಹಾಗೇ ಇದೆ. ಆಮೇಲೆ ಕಂಡದ್ದು ಅದರ ಸುತ್ತ ಗಟ್ಟಿಯಾಗಿ ಕಟ್ಟಿಕೊಂಡಿದ್ದ ಕೆಂಪು. ಅದು ಆರು ಮೂಲೆಗಳ ಅರ್ಧದವರೆಗೆ ಬಂದಿತ್ತು. ಪಾನ ಪೂರ್ತಿ ಕೆಳಗಿಳಿಯಲು ಅದು ಬಿಡುತ್ತಿರಲಿಲ್ಲ. ಮೇಲುಮೇಲೆ ಕೂತ ಪಾನ ವಾಲಿ, ಪಿಂಗಾಣಿಯನ್ನು ಮುರಿದಿತ್ತು. ಮೆಕ್ಯಾನಿಕ್ಕಿನ ಕೈಯಲ್ಲಿ ಜಾರಿದ್ದೂ ಅದಕ್ಕೇ.

ಕೊಕ್ಕೆಯಿಂದ ಚೂರು ಕೆರೆದು ಬಿಳಿಯ ಹತ್ತಿಯ ಮೇಲೆ ಹಾಕಿದೆ. ತುಕ್ಕು ಹೀಗೆ ಪುಡಿಯಾಗುವುದಿಲ್ಲ ಎನಿಸಿತು. ಒಂದು ಹನಿ ನೀರು ಬಿಟ್ಟೆ. ಹತ್ತಿ ಕೆಂಪಾಗಿ ಹರಡಿತು. ತುಕ್ಕಿನ ಕಂದು ಅಲ್ಲ, ಹಣೆಯ ಕೆಂಪು. ಮತ್ತೆ ಕೆರೆದೆ. ಬೂದಿ ಬಣ್ಣದ ಒಂದು ಪದರ ಬಂತು. ಅದರ ಕೆಳಗೆ ಮತ್ತೆ ಕೆಂಪು. ಆ ಕೆಂಪಿನಲ್ಲಿ ಏನೋ ಉದ್ದಕ್ಕೆ, ಮೊನಚಾಗಿ ಸಿಕ್ಕಿತ್ತು. ಅದನ್ನು ಎಬ್ಬಿಸಿ ತೆಗೆದು ಅಂಗೈಯಲ್ಲಿಟ್ಟು ನೋಡಿದೆ. ಖಚಿತವಾಗುವವರೆಗೆ ಮಾತಾಡಬಾರದು ಎಂಬುದು ನಮ್ಮ ಕೆಲಸದ ಅಭ್ಯಾಸ. ಎರಡನೆಯದು ಸಿಕ್ಕ ಮೇಲೆ ಹೇಳಿದೆ.

"ಮಾವ, ಅಕ್ಕಿ."

"ಏನು?"

"ಅಕ್ಕಿಕಾಳು. ಇದು ತುಕ್ಕಲ್ಲ, ಕುಂಕುಮ. ಬೂದಿ ಥರ ಇರೋದು ವಿಭೂತಿ."

ಮಾವ ಓದುವ ಕನ್ನಡಕ ಹಾಕಿಕೊಂಡು ನನ್ನ ಅಂಗೈ ನೋಡಿದರು. ಆಮೇಲೆ ನಾವಿಬ್ಬರೂ ಒಟ್ಟಿಗೇ ತಲೆಯೆತ್ತಿ ಅಡಿಗೆಮನೆಯ ಕಿಟಕಿ ನೋಡಿದೆವು. ಒಳಗೆ ಒಗ್ಗರಣೆಯ ಸದ್ದು ಕೇಳುತ್ತಿತ್ತು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಯಾವ ಸಾಮಾನಿಗೂ ವಿನಾಯಿತಿಯಿಲ್ಲ. ಮಾವನ ಪಾನಗಳು, ಹೊಲಿಗೆ ಮಿಷನ್ನು, ಮಿಕ್ಸಿ, ನನ್ನ ಇಕ್ಕಳ ಎಲ್ಲವೂ ಮಣೆಯ ಮೇಲೆ ಸಾಲಾಗಿ ಕೂತು ಕುಂಕುಮ ಇಡಿಸಿಕೊಳ್ಳುತ್ತವೆ. ಕೊನೆಯದು ಕಾರು. ಬೀದಿಯ ಉಳಿದವರೆಲ್ಲ ಬಾನೆಟ್ಟಿನ ಮೇಲೆ ವಿಭೂತಿಯೋ ಕುಂಕುಮವೋ ಹಚ್ಚಿ, ಹಾರ ಹಾಕಿ, ಬೂದುಗುಂಬಳ ಒಡೆದು ಮುಗಿಸುತ್ತಾರೆ. ಅತ್ತೆಗೆ ಅದು ಒಪ್ಪಿಗೆಯಿಲ್ಲ. "ಓಡೋದು ಒಳಗಿರೋದಲ್ವಾ? ಹೊರಗಿನ ತಗಡಿಗೆ ಯಾಕೆ ಪೂಜೆ?" ಎನ್ನುತ್ತಾರೆ. ಆದ್ದರಿಂದ ಬಾನೆಟ್ ತೆರೆಯಬೇಕು. ತೆರೆಯುವವರು ಮಾವನೇ. ಒಳಗೆ ಸಾಲಾಗಿ ನಾಲ್ಕು ಟೋಪಿ ಕಂಡರೆ ಅತ್ತೆ ಒಂದೊಂದಕ್ಕೂ ವಿಭೂತಿ, ಕುಂಕುಮ, ಅಕ್ಷತೆ ಇಟ್ಟು, ಉದ್ಧರಣೆಯಿಂದ ಒಂದೊಂದು ಚಮಚ ನೀರು ಬಿಡುತ್ತಾರೆ. ಮಾವ ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತಾರೆ. ನಾನೂ ಎಂಟು ವರ್ಷ ನಿಂತು ಕೈಮುಗಿದಿದ್ದೇನೆ. ಮೂರು ಟೋಪಿಗಳು ನೀರನ್ನು ಹೊರಗೇ ತಡೆದಿದ್ದವು. ಹರಿದ ಟೋಪಿ ಮಾತ್ರ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತ್ತು.

"ಗಂಟೆ ಹೊಡ್ಕೊಂಡು ನಿಂತಿದ್ದೋನು ನಾನೇ" ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಹೇಳ್ಬೇಡ ಕಣಮ್ಮ. ತನ್ನಿಂದ ಗಾಡಿ ಹೋಯ್ತು ಅಂತ ಕೊರಗ್ತಾಳೆ. ತುಕ್ಕು. ಅಷ್ಟೇ" ಎಂದರು.

"ಎಲ್ಲಾದನ್ನೂ ನೀವೇ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರೆ ಹೆಂಗೆ?"

"ನನ್ ತಲೆ ದೊಡ್ಡದು ಬುಡು. ನೀನು ಕೆರಿ."

ಕೆರೆದೆ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿಯನ್ನು ಕೆರೆಯುವ ಹಾಗೆಯೇ, ಅಂಚಿನಿಂದ ಒಳಕ್ಕೆ, ಸುತ್ತಲೂ. ಪದರಗಳನ್ನು ಎಣಿಸಲು ಹೋದೆ. ಏಳಾದ ಮೇಲೆ ಎಲ್ಲ ಕಲಸಿಹೋಗಿತ್ತು. ಪ್ಲಗ್ಗು ಕೂತಿರುವಾಗಲೇ ಗುಳಿ ಚೊಕ್ಕಟವಾಗಬೇಕು, ಅದು ಬಂದ ಮೇಲೆ ಒಂದು ಕಾಳು ಬಿದ್ದರೂ ನೇರ ಸಿಲಿಂಡರಿಗೇ ಎಂದು ಮಾವ ಮೂರು ಸಲ ಹೇಳಿದರು. ನಾನು ಕೆರೆಯುವುದು, ಅವರು ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಹೊಡೆದಾಗಲೆಲ್ಲ ಕೆಂಪು ಪುಡಿ ಎದ್ದು ನಮ್ಮ ಮುಖದ ಮೇಲೆ ಬೀಳುತ್ತಿತ್ತು. ಉದುರಿದ ದೊಡ್ಡ ಚೂರುಗಳನ್ನು ಒಂದು ಪೇಪರಿನ ಮೇಲೆ ಕೂಡಿಹಾಕಿದೆವು. ಹನ್ನೊಂದರ ಹೊತ್ತಿಗೆ ತಳದ ಲೋಹ ಹೊಳೆಯಿತು. ಸಿರಿಂಜಿನಿಂದ ಎಣ್ಣೆಯನ್ನು ಸುತ್ತಲೂ ಹನಿಹನಿಯಾಗಿ ಬಿಟ್ಟೆ. ಇನ್ನು ನಾಲ್ಕು ಗಂಟೆಯವರೆಗೆ ಮುಟ್ಟಕೂಡದು ಎಂದರು ಮಾವ.

ಪೇಪರನ್ನು ಮಡಚಿ ಕಸದ ಬುಟ್ಟಿಗೆ ಹಾಕಲು ಹೊರಟೆ.

"ಏ, ಅದು ನಿರ್ಮಾಲ್ಯ ಕಣಮ್ಮ. ಪೂಜೆ ಮಾಡಿದ್ದು. ಕಸಕ್ಕೆ ಹಾಕ್ತಾರಾ?" ಎಂದು ಅವರು ಅದನ್ನು ಇಸಿದುಕೊಂಡು ಹೋಗಿ, ಕಾಂಪೌಂಡಿನ ಪಕ್ಕದ ದಾಸವಾಳದ ಗಿಡದ ಬುಡಕ್ಕೆ ಸುರಿದು, ಕಾಲಿನಿಂದಲ್ಲ, ಕೈಯಿಂದಲೇ ಮಣ್ಣು ಎಳೆದು ಮುಚ್ಚಿ ಬಂದರು. ಆಗ ಅದು ಸರಿಯಾದ ಜಾಗವೆಂದೇ ನನಗೂ ತೋರಿತು.

ಊಟಕ್ಕೆ ಕೂತಾಗ ಅತ್ತೆ ನಮ್ಮಿಬ್ಬರ ಮುಖ ನೋಡಿ, "ಇದೇನು, ಓಕುಳಿ ಆಡಿದ್ರಾ?" ಎಂದರು.

"ತುಕ್ಕು ಕಣೆ" ಎಂದರು ಮಾವ. ನಾನು ಅನ್ನ ಕಲಸಿದೆ.

ನಾಲ್ಕಕ್ಕೆ ಮತ್ತೆ ಬಾನೆಟ್ಟಿನ ಮುಂದೆ ನಿಂತೆವು. ಮಾವ ಪಾನ ಇಳಿಸಿದರು. ನಿನ್ನೆಗಿಂತ ಒಂದು ಉಗುರಿನಷ್ಟು ಹೆಚ್ಚು ಕೆಳಗೆ ಹೋಗಿ 'ಠಣ್' ಎಂದು ಕೂತಿತು. ಅವರು ಹಿಡಿಯನ್ನು ನನ್ನ ಕಡೆ ತಿರುಗಿಸಿದರು.

"ನೀನೇ ತಿರುಗ್ಸು."

"ಬೇಡ ಮಾವ. ನನ್ನ ಕೈ ನಡುಗ್ತಿದೆ."

"ನಂದು ಹತ್ತು ವರ್ಷದಿಂದ ನಡುಗ್ತಿದೆ. ನೋಡಮ್ಮ, ನಿನ್ನೆ ಸದ್ದು ನಿನ್ ಕೈಯಲ್ಲಿ ಕೂತಿದೆ. ಅದು ಮತ್ತೆ ಬರೋ ಮುಂಚೆ ನಿಂಗೆ ಗೊತ್ತಾಗ್ತದೆ. ನಂಗೆ ಗೊತ್ತಾಗಲ್ಲ. ಹಿಡ್ಕೋ. ಮೊದ್ಲು ಬಿಗೀಬೇಕು, ಕೂದಲೆಳೆಯಷ್ಟು. ಆಮೇಲೆ ಬಿಚ್ಚೋದು."

ಅದು ನನಗೆ ಗೊತ್ತಿದ್ದ ವಿದ್ಯೆಯೇ. ಹಲ್ಲು ಕೀಳುವಾಗಲೂ ನಾವು ಮೊದಲು ಒಳಕ್ಕೆ ಒತ್ತುತ್ತೇವೆ. ನೋಡುವವರಿಗೆ ಎಳೆದಂತೆ ಕಾಣುತ್ತದೆ ಅಷ್ಟೇ. ಪೈಪು ಇರಲಿಲ್ಲ, ಮಾವ ಅದನ್ನು ಎಲ್ಲೋ ಅಡಗಿಸಿಟ್ಟಿದ್ದರು. ಕೂದಲೆಳೆಯಷ್ಟು ಬಿಗಿದೆ. ಬಿಟ್ಟೆ. ಹಿಂದಕ್ಕೆ ಒತ್ತಿದೆ. ಏನೂ ಇಲ್ಲ. ಮತ್ತೆ ಬಿಗಿದೆ, ಮತ್ತೆ ಒತ್ತಿದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಒಂದು ಸಲ ಹಿಡಿ ಸರಿಯಿತು.

ಆ ಕ್ಷಣದ ಬಗ್ಗೆ ಇಷ್ಟು ಹೇಳಬಲ್ಲೆ: ಸರಿದದ್ದು ತಿರುಗಿದ್ದೋ ಮುರಿದದ್ದೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ನಾನು ಅಲ್ಲೇ ನಿಂತೆ. ಮತ್ತೆ ಅಷ್ಟೇ ಅಷ್ಟು ಒತ್ತಿದೆ. ಹಳೆಯ ಬಾಗಿಲಿನ ಹಾಗೆ ಕಿರ್ ಎಂದಿತು. ಟಕ್ ಎನ್ನಲಿಲ್ಲ.

"ಕಿರ್ ಅಂದ್ರೆ ಜೀವ ಇದೆ" ಎಂದರು ಮಾವ ಪಿಸುಗುಟ್ಟುತ್ತ. "ಹಿಂದಕ್ಕೆ ಬಾ. ಬಿಗಿ. ಎಣ್ಣೆ ಬಿಡು. ಮತ್ತೆ ಹೋಗು."

ಕಾಲು ಸುತ್ತು ಮುಂದೆ, ಅರ್ಧಕಾಲು ಸುತ್ತು ಹಿಂದೆ. ಹೀಗೆ ಮುಕ್ಕಾಲು ಗಂಟೆ. ಕೊನೆಯ ಎರಡು ಸುತ್ತು ಬೆರಳಲ್ಲೇ ಬಂತು. ಪಾನ ಎತ್ತಿದಾಗ ಅದರ ಬಾಯಲ್ಲಿ ಪ್ಲಗ್ಗಿನ ಲೋಹದ ದೇಹವಿತ್ತು, ಇಡಿಯಾಗಿ, ತ್ರೆಡ್ಡುಗಳೆಲ್ಲ ನೆಟ್ಟಗೆ. ಕನ್ನಡಿ ಇಳಿಸಿ ನೋಡಿದೆ. ಹೆಡ್ಡಿನ ತ್ರೆಡ್ಡೂ ನೆಟ್ಟಗಿತ್ತು. ಮಾವ ಪ್ಲಗ್ಗನ್ನು ಒರೆಸಿ, ಇಡ್ಲಿ ತಟ್ಟೆಯಲ್ಲಿ ಪಿಂಗಾಣಿ ತುಂಡಿನ ಪಕ್ಕದ ಗುಳಿಯಲ್ಲಿಟ್ಟರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು ತೆಗೆದರು. ಕೈಯಲ್ಲಿ ಎಣ್ಣೆಯಿತ್ತು.

ಹೊಸ ಪ್ಲಗ್ಗು, ಹೊಸ ಟೋಪಿಗಳನ್ನು ಮಾವ ಮೊದಲೇ ತಂದಿಟ್ಟಿದ್ದರು. ಎಲ್ಲ ಜೋಡಿಸಿ ಕೀ ತಿರುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೊದಲು ಕೆಮ್ಮಿತು. ಎರಡನೆಯ ಸಲವೂ ಕೆಮ್ಮಿತು. ಮೂರನೆಯ ಸಲ ಹತ್ತಿಕೊಂಡು, ಬಿಳಿಹೊಗೆ ಬಿಟ್ಟು, ಆಮೇಲೆ ಸಮನಾಗಿ ನಿಂತಿತು. ನಡುಕವಿಲ್ಲ. ನನ್ನ ಗಂಡ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಲೋಟವನ್ನು ಜಗಲಿಯ ಮೇಲಿಟ್ಟು, ಜೇಬಿನಿಂದ ಫೋನು ತೆಗೆದು ಒಳಗೆ ಹೋದರು. "ಬೇಡ ಕಣ್ರೀ, ನಾಳೆ ಬರ್ಬೇಡಿ" ಎಂದದ್ದು ನಮಗೆ ಕೇಳಿಸಿತು.

ಶುಕ್ರವಾರ ನಾನು ಕ್ಲಿನಿಕ್ಕಿಗೆ ರಜ ಹಾಕಿದೆ. ಮಾವ ಸ್ಟಿಯರಿಂಗಿನಲ್ಲಿ, ಅತ್ತೆ ತಮ್ಮ ಸೀಟಿನಲ್ಲಿ, ನಾನು ಹಿಂದೆ, ಪಕ್ಕದಲ್ಲಿ ನೆನೆಸಿದ ಅವರೆಕಾಳಿನ ಡಬ್ಬಿ. ಅತ್ತೆ ಹಸಿರು ರೇಷ್ಮೆ ಉಟ್ಟಿದ್ದರು, ಅಕ್ಕನ ಮನೆಗೆ ಹೋಗಲು ಅಷ್ಟು ಬೇಕಿರಲಿಲ್ಲ. ಬೋಗಾದಿ ರಸ್ತೆ ದಾಟಿ ಕೆರೆಯ ಏರಿಯ ಹತ್ತಿರ ಬರುವವರೆಗೂ ಮೂವರೂ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದೆವು.

"ರೀ" ಎಂದರು ಅತ್ತೆ.

"ಹ್ಞೂ."

"ದಾಸವಾಳದ ಬುಡದಲ್ಲಿ ಅಕ್ಕಿ ಇದೆ."

ಮಾವ ಗೇರು ಬದಲಿಸಿದರು. ಮುಂದೆ ಬಸ್ಸು ನಿಂತಿತ್ತು, ಅದನ್ನು ದಾಟುವ ನೆವ ಸಿಕ್ಕಿತು.

"ಸೋಮವಾರ ನೀರು ಹಾಕ್ತಿದ್ದೆ. ಮಣ್ಣು ಕೊಚ್ಚಿ ಕೆಂಪು ನೀರು ಬಂತು. ಕೋಲಲ್ಲಿ ಕೆದಕಿದ್ರೆ ಅಕ್ಕಿ. ಮೂಸಿದ್ರೆ ಎಣ್ಣೆ ವಾಸನೆ. ದಿನಾ ಆ ಗಿಡಕ್ಕೆ ನೀರು ಹಾಕೋಳು ನಾನು ಅಂತ ಗೊತ್ತಿಲ್ವಾ ನಿಮಗೆ? ಇಬ್ರೂ ಸೇರ್ಕೊಂಡು ಅಲ್ಲೇ ತಂದು ಹೂಳ್ತೀರಲ್ಲ, ಏನು ಬುದ್ಧಿ ನಿಮ್ಮದು?"

"ನಿರ್ಮಾಲ್ಯ ಅಲ್ವೇನೇ. ಬೇರೆ ಎಲ್ಲಿಗೆ ಹಾಕ್ಲಿ?"

ಅತ್ತೆ ಕಿಟಕಿಯ ಕಡೆ ತಿರುಗಿದರು. ಹಿಂದೆ ಕೂತ ನನಗೆ ಅವರ ಕೆನ್ನೆಯ ಒಂದು ಅಂಚು ಮಾತ್ರ ಕಾಣುತ್ತಿತ್ತು. "ಮೂರನೇದಕ್ಕೆ ನಾನು ಯಾವಾಗ್ಲೂ ಎರಡು ಚಮಚ ಬಿಡ್ತಿದ್ದೆ ಕಣ್ರೀ" ಎಂದರು. "ಅದರ ಟೋಪಿ ಹರಿದಿತ್ತಲ್ಲ. ಪಾಪ, ಇದಕ್ಕೊಂದು ಸ್ವಲ್ಪ ಜಾಸ್ತಿ ಇರ್ಲಿ ಅಂತ."

ರೈಲ್ವೆ ಸ್ಟೇಷನ್ನಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಮಾವ ನ್ಯೂಟ್ರಲ್ಲಿಗೆ ಹಾಕಿದರು. ಅವರ ಭುಜ ಅಲುಗುತ್ತಿತ್ತು. ಮೊದಲು ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು, ಶಬ್ದವಿಲ್ಲದೆ. ಅತ್ತೆ ಅವರ ತೋಳಿಗೆ ಒಂದು ಬಿಟ್ಟರು, "ನಗ್ಬೇಡಿ" ಎಂದು. ಹೇಳಿ ತಾವೂ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು.

ನನಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದೆನಿಸಿತು. "ಅತ್ತೆ, ಪಿಂಗಾಣಿ ಮುರಿದಿದ್ದು ಮಾವ ಅಲ್ಲ. ನಾನು. ಪೈಪು ಹಾಕ್ಬೇಡ ಅಂದ್ರು. ಹಾಕಿ ಎಳೆದೆ."

"ಗೊತ್ತು ಬಿಡು" ಎಂದರು ಅತ್ತೆ, ತಿರುಗದೆಯೇ.

"ಹೆಂಗೆ?"

"ಕಿಟಕಿಯಿಂದ ಕೂಗಿದೋಳು ನಾನಲ್ವಾ? ಕೂಗೋ ಮುಂಚೆ ನೋಡಿರಲ್ವಾ? ಅವರ ಕೈಲಿ ಬನಿಯನ್ ಇತ್ತು, ನಿನ್ ಕೈಲಿ ಪೈಪಿತ್ತು." ಸೆರಗು ಸರಿಮಾಡಿಕೊಳ್ಳುತ್ತ, "ನಿನ್ ಮುಖ ಹೆಂಗಾಗಿತ್ತು ಅಂದ್ರೆ ಕಣಮ್ಮ, ಅವರು ಹಾಗಂದಿದ್ದೇ ಒಳ್ಳೇದಾಯ್ತು ಅನ್ನಿಸ್ತು. ಸುಮ್ನಾದೆ" ಎಂದರು.

ಹಸಿರು ಬಿತ್ತು. ಹಿಂದಿನ ಆಟೋದವನು ಹಾರ್ನ್ ಒತ್ತಿದ. ಮಾವ ಗೇರು ಹಾಕಿದರು.

"ಮುಂದಿನ ಸಲ ಬಾನೆಟ್ ಮೇಲೇ ಕುಂಕುಮ ಇಡ್ತೀನಿ ಬಿಡಿ" ಎಂದರು ಅತ್ತೆ, ಸಣ್ಣ ದನಿಯಲ್ಲಿ. "ಒಳಗಡೆ ಬೇಡ."

"ಯಾಕೆ? ತಗಡಿಗೆ ಯಾಕೆ ಪೂಜೆ? ನಾಲ್ಕಕ್ಕೂ ಹೊಸ ಟೋಪಿ ಹಾಕಿದೀನಿ, ಒಂದು ಹನಿ ಇಳಿಯಲ್ಲ. ಒಳಗೇ ಇಡು. ನಾನು ಗಂಟೆ ಬಿಟ್ಟು ಬನಿಯನ್ ಹಿಡ್ಕೊಂಡು ನಿಲ್ತೀನಿ, ನೀನು ಬಿಟ್ಟ ಹಂಗೇ ಒರೆಸ್ತೀನಿ."

"ದೇವರ ನೀರನ್ನ ಬನಿಯನ್ನಲ್ಲಿ ಒರೆಸ್ತಾರಂತೆ!"

"ಒಗೆದಿರೋದು ಕಣೆ."

ಬನ್ನಿಮಂಟಪದ ಮನೆಯ ಗೇಟಿನಲ್ಲಿ ದೊಡ್ಡಮ್ಮ ವಾಕರ್ ಹಿಡಿದು ಆಗಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಮಾವ ಕಾರನ್ನು ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಟ್ಟು ನಿಲ್ಲಿಸಿದರು. ಅತ್ತೆ ಎರಡೂ ಕಾಲನ್ನು ಒಟ್ಟಿಗೆ ಹೊರಗೆ ಇಳಿಸಿದರು, ನನ್ನ ಕೈ ಹಿಡಿದು ಎದ್ದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು.

"ಸೊರಗ್ಬುಟ್ಟಿದೀಯಲ್ಲೇ" ಎಂದರು ದೊಡ್ಡಮ್ಮ.

"ನೀನೇನು ದಪ್ಪ ಆಗಿದೀಯಾ? ನಡೀ ಒಳಗೆ, ಕಾಳು ಮೊಳಕೆ ಬರತ್ತೆ."

ನಾನು ಡಬ್ಬಿ ತೆಗೆದುಕೊಂಡು ಹಿಂದೆ ಹೊರಟೆ. ಮಾವ ಬರಲಿಲ್ಲ. ತಿರುಗಿ ನೋಡಿದೆ. ಎಂಜಿನ್ ಆರಿಸದೆ, ಬಾನೆಟ್ ಎತ್ತಿ, ಕಿವಿ ವಾಲಿಸಿ ನಿಂತಿದ್ದರು. ಆಮೇಲೆ ಬೆರಳು ಮುಂದೆ ಮಾಡಿ ಟೋಪಿಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿದರು. ಮೂರನೆಯದನ್ನು ಎರಡು ಸಲ ಒತ್ತಿದರು.